22 ವರ್ಷದ ನಂತರ ಬಂದ ಸ್ಲೋಡೈವ್ ಆಲ್ಬಂ

1995. ಇಂಗ್ಲೆಂಡಿನ ರೆಡಿಂಗ್‌ನ ಸ್ಲೋಡೈವ್ ಬ್ಯಾಂಡ್ ಮೂರನೇ ಆಲ್ಬಂ ತಂದ ಬೆನ್ನಲ್ಲೇ ಅವರ ಸಂಗೀತ ಕಂಪನಿ ಕ್ರಿಯೇಷನ್ ರೆಕಾರ್ಡ್ಸ್ ಅವರನ್ನು ಕೈಬಿಟ್ಟಿತು. ಆಗ ಎಲ್ಲರ ಕಿವಿಯೂ ಅದೇ ಕಂಪನಿಯ ಓಯಸಿಸ್ ಬ್ಯಾಂಡಿನ ಕಡೆಗೆ. ಬ್ಯಾಂಡ್ ಚದುರಿತು.

ಹಾಡುಗಳು ಮಾತ್ರ ಉಳಿದವು. ಇಂಟರ್ನೆಟ್ಟಿನಲ್ಲಿ ಹೊಸ ತಲೆಮಾರು ಅವನ್ನು ಹುಡುಕಿ ಕೇಳಿತು. 2014ರಲ್ಲಿ ಬ್ಯಾಂಡಿನವರು ಮತ್ತೆ ಒಂದಾಗಿ ಬಾರ್ಸಿಲೋನಾದ ಪ್ರಿಮವೆರಾ ಸೌಂಡ್ ಉತ್ಸವದ ವೇದಿಕೆ ಹತ್ತಿದರು. 2017ರ ಮೇ ತಿಂಗಳಲ್ಲಿ ಎಂಟು ಹಾಡಿನ ಆಲ್ಬಂ ಬಂತು. ಹೆಸರು, ಬರೀ 'ಸ್ಲೋಡೈವ್'.

ಗಿಟಾರಿನ ಮೇಲೆ ಪ್ರತಿಧ್ವನಿ ಪೇರಿಸಿ, ಬ್ಯಾಂಡಿನ ಗಾಯಕರಾದ ನೀಲ್ ಹಾಲ್‌ಸ್ಟೆಡ್, ರೇಚೆಲ್ ಗೋಸ್‌ವೆಲ್ ಇಬ್ಬರ ದನಿಯನ್ನೂ ಅದರಲ್ಲಿ ಕರಗಿಸುವ ಹಳೆಯ ಕ್ರಮ ಇಲ್ಲೂ ಇದೆ. ಆದರೂ ಇದು ಹಳೆಯದರ ನಕಲಲ್ಲ, ನನಗೆ ತುಂಬ ಹಿಡಿಸಿದ್ದು ಅದೇ. ಕೊನೆಯ ಹಾಡಲ್ಲಿ ಪಿಯಾನೊದ ಪುಟ್ಟ ತುಣುಕೊಂದು ಸುಮಾರು ಎಂಟು ನಿಮಿಷ ತಿರುತಿರುಗಿ ಬರುತ್ತೆ, ಒಂದಿಷ್ಟೂ ಬೇಸರವಾಗಲ್ಲ.

ಹೊಸಬರು 'ಶುಗರ್ ಫಾರ್ ದ ಪಿಲ್' ಹಾಡಿನಿಂದ ಶುರುಮಾಡಿ. ಹೆಡ್‌ಫೋನ್ ಹಾಕಿಕೊಂಡೇ ಕೇಳಿ.