ವಿದ್ಯುತ್ತಿನ ಅಭಾವ ಮತ್ತು ವಿದ್ಯಾಲಯದ ಮಿತವ್ಯಯ

ಮಳೆಯ ನೀರನ್ನು ಕೆರೆಯಲ್ಲಿ ನಿಲ್ಲಿಸಬಹುದು. ಸುಗ್ಗಿಯ ಜೋಳವನ್ನು ಹಗೇವಿನಲ್ಲಿ ಕಾಪಾಡಬಹುದು. ಆದರೆ ವಿದ್ಯುತ್ತನ್ನು ತಂತಿಯಲ್ಲಿ ತುಂಬಿಡುವುದು ಸಾಧ್ಯವಿಲ್ಲ. ಯಾವ ಕ್ಷಣದಲ್ಲಿ ಎಷ್ಟು ಬೇಡಿಕೆ ಇರುವುದೋ ಆ ಕ್ಷಣದಲ್ಲಿ ಅಷ್ಟೇ ಉತ್ಪಾದನೆಯಾಗಬೇಕು. ಬೇಡಿಕೆ ಮೀರಿತೆಂದರೆ ಉತ್ಪಾದಕ ಯಂತ್ರಗಳ ವೇಗ ತಗ್ಗುತ್ತದೆ. ಸೆಕೆಂಡಿಗೆ 50 ಬಾರಿ ಆಗಬೇಕಾದ ವಿದ್ಯುತ್ತಿನ ಆವರ್ತನವೂ ಇಳಿಯುತ್ತದೆ. ಅದು ಹೆಚ್ಚು ಇಳಿದರೆ ಇಡೀ ಜಾಲವೇ ಕುಸಿಯುವ ಅಪಾಯವುಂಟು. ಅದನ್ನು ತಪ್ಪಿಸಲು ಕೆಲವು ಊರುಗಳ ಸರಬರಾಯಿಯನ್ನು ಕಡಿದುಹಾಕುತ್ತಾರೆ. ನಾವು ಲೋಡ್ ಶೆಡ್ಡಿಂಗ್ ಎನ್ನುವುದು ಇದನ್ನೇ.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಗಳ ಜನಕ್ಕೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯ ಬದುಕು ನೀರು ಮತ್ತು ವಿದ್ಯುತ್ತು ಎರಡನ್ನೂ ಹೊಂದಿಕೊಂಡಿದೆ. ಜಮಖಂಡಿಯ ಸೀಮೆಯ ರೈತರು 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡಲಾಗಿ ತಮ್ಮದೇ ಹಣ ಮತ್ತು ಶ್ರಮದಿಂದ ಬ್ಯಾರೇಜು ಕಟ್ಟಿದರು. ಆದರೆ ನಿಂತ ನೀರು ಕಬ್ಬಿನ ಹೊಲಕ್ಕೆ ಏರಬೇಕಾದರೆ ಪಂಪು ತಿರುಗಲೇಬೇಕು. ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳ ನೇಕಾರನಿಗೆ ವಿದ್ಯುತ್ತು ನಿಂತ ಗಳಿಗೆಯೆಂದರೆ ಕೂಲಿ ನಿಂತ ಗಳಿಗೆ.

ನೀರಿಗೂ ವಿದ್ಯುತ್ತಿಗೂ ಇರುವ ನಂಟು ಇಲ್ಲಿಗೇ ಮುಗಿಯುವುದಿಲ್ಲ. ಆಲಮಟ್ಟಿಯ 290 ಮೆಗಾವಾಟಿನ ವಿದ್ಯುದಾಗಾರ ನಡೆಯುವುದು ಕೃಷ್ಣೆಯ ಹರಿವಿನಿಂದ. ಮುಧೋಳ ಮುಂತಾದ ಕಡೆಯ ಸಕ್ಕರೆ ಕಾರ್ಖಾನೆಗಳು ರಸ ಹಿಂಡಿದ ಕಬ್ಬಿನ ಸಿಪ್ಪೆಯನ್ನು ಉರಿಸಿ, ಹಬೆಯಿಂದ ಚಕ್ರ ತಿರುಗಿಸಿ, ತಮಗೆ ಬೇಕಾಗಿ ಮಿಕ್ಕ ವಿದ್ಯುತ್ತನ್ನು ಜಾಲಕ್ಕೆ ಕೊಡುತ್ತವೆ. ಮಳೆ ಕೈಕೊಟ್ಟರೆ ಜಲಾಶಯವೂ ಕಬ್ಬೂ ಸೊರಗುತ್ತವೆ. ಅದೇ ವೇಳೆಗೆ ಪಂಪುಗಳ ಬೇಡಿಕೆ ಏರುತ್ತದೆ. 2023ರಲ್ಲಿ ಆದದ್ದು ಹೀಗೆಯೇ. ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸಾರಲ್ಪಟ್ಟವು. ಆ ಅಕ್ಟೋಬರಿನಲ್ಲಿ ನೀರಾವರಿ ಪಂಪುಗಳಿಗೆ ದಿನಕ್ಕೆ 7 ಗಂಟೆ ಕೊಡಬೇಕಾಗಿದ್ದ ವಿದ್ಯುತ್ತನ್ನು 5 ಗಂಟೆಗೆ ಇಳಿಸಿದಾಗ ರೈತರು ಬೀದಿಗಿಳಿದರು.

ಇಂತಹ ದಿನಗಳಲ್ಲಿ ಒಂದು ವಿದ್ಯಾಲಯ ಮಾಡಬಹುದಾದುದೇನು? “ದೀಪ ಆರಿಸಿರಿ” ಎಂಬ ಫಲಕವನ್ನು ಎಲ್ಲರೂ ನೋಡಿದ್ದೇವೆ. ಅದು ಒಳ್ಳೆಯ ಮಾತೇ. ಆದರೆ ಎಲ್ಲಿ ಎಷ್ಟು ವೆಚ್ಚವಾಗುತ್ತಿದೆ ಎಂಬ ಲೆಕ್ಕವಿಲ್ಲದೆ ಮಾಡಿದ ಉಳಿತಾಯ ಕತ್ತಲೆಯಲ್ಲಿ ತಡಕಾಡಿದಂತೆ.

ವಾಟು ಮತ್ತು ಯೂನಿಟ್ಟು

ಉಪಕರಣವೊಂದು ಶಕ್ತಿಯನ್ನು ಬಳಸುವ ವೇಗವನ್ನು ವಾಟುಗಳಲ್ಲಿ ಅಳೆಯುತ್ತೇವೆ. 1000 ವಾಟಿನ ಉಪಕರಣ ಒಂದು ಗಂಟೆ ನಡೆದರೆ ಖರ್ಚಾಗುವ ಶಕ್ತಿಯೇ ಒಂದು ಯೂನಿಟ್ಟು. ನೂರು ಮಂದಿ ಇರುವ ಒಂದು ವಿದ್ಯಾರ್ಥಿನಿಲಯವನ್ನು ಕಲ್ಪಿಸಿಕೊಳ್ಳೋಣ. ಪ್ರತಿಯೊಬ್ಬನೂ 9 ವಾಟಿನ ಎಲ್‌ಇಡಿ ದೀಪದಲ್ಲಿ 4 ಗಂಟೆ ಓದಿದನೆಂದರೆ ಒಟ್ಟು ವೆಚ್ಚ 3.6 ಯೂನಿಟ್ಟು. ಅದೇ ನೂರು ಮಂದಿ ಬೆಳಿಗ್ಗೆ ತಲಾ 15 ಲೀಟರು ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ವಿದ್ಯುತ್ತಿನಿಂದ ಕಾಯಿಸಿದರೆ ಸುಮಾರು 35 ಯೂನಿಟ್ಟು ಬೇಕು! ಓದಿಗೆ ಆದುದರ ಹತ್ತರಷ್ಟು ಸ್ನಾನಕ್ಕೆ. ನೀರನ್ನು ಕಾಯಿಸುವುದಕ್ಕೆ ಅಪಾರ ಶಾಖ ಬೇಕಾಗುವುದೇ ಇದಕ್ಕೆ ಕಾರಣ. ಆದ್ದರಿಂದ ಬಿಸಿನೀರಿನ ಅಳತೆಯನ್ನು ಮೂರರಲ್ಲಿ ಒಂದು ಪಾಲು ತಗ್ಗಿಸಿದರೆ, ಎಲ್ಲರ ಓದಿನ ದೀಪಗಳನ್ನೂ ಆರಿಸಿದ್ದಕ್ಕಿಂತ ಮೂರು ಪಟ್ಟು ಹೆಚ್ಚು ಉಳಿಯುತ್ತದೆ. ಬಿಸಿಲಿಗೆ ಬಡತನವಿಲ್ಲದ ಈ ಸೀಮೆಯಲ್ಲಿ ಸೌರ ಜಲತಾಪಕವನ್ನು ಹೂಡಿದರೆ ವರ್ಷದ ಬಹುಭಾಗ ಈ ವೆಚ್ಚವೇ ಇಲ್ಲ.

ಇನ್ನು ಬೀಸಣಿಗೆಗಳು. ಹಳೆಯ ಮಾದರಿಯ ಸೀಲಿಂಗ್ ಫ್ಯಾನು ಸುಮಾರು 75 ವಾಟು ತೆಗೆದುಕೊಳ್ಳುತ್ತದೆ. ಹೊಸ ಬಿಎಲ್‌ಡಿಸಿ ಮೋಟಾರಿನದು ಸುಮಾರು 30. ನಲವತ್ತು ಹಳೆಯ ಫ್ಯಾನುಗಳು ಊಟದ ವೇಳೆಯಲ್ಲಿ ಬರಿದಾದ ತರಗತಿಗಳಲ್ಲಿ ಒಂದು ಗಂಟೆ ತಿರುಗಿದರೆ 3 ಯೂನಿಟ್ಟು ಹಾಳು. ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಮೈಯ ಬೆವರನ್ನು ಆರಿಸುತ್ತದೆ, ಅಷ್ಟೆ. ಮೈಯೇ ಇಲ್ಲದ ಕೋಣೆಯಲ್ಲಿ ಅದರಿಂದ ಯಾವ ಪ್ರಯೋಜನವೂ ಇಲ್ಲ. ಬೇಸಗೆಗೆ ಮುಂಚೆ ಮಾಳಿಗೆಗೆ ಬಿಳಿಯ ಸುಣ್ಣ ಬಳಿದರೆ ಬಿಸಿಲಿನ ಹೆಚ್ಚು ಪಾಲು ಹಿಂದಿರುಗಿ, ಕೋಣೆಯ ಕಾವೇ ಕಡಮೆಯಾಗುತ್ತದೆ.

ಮೂರನೆಯದು ನೀರಿನ ಟಾಕಿ. 10,000 ಲೀಟರು ನೀರನ್ನು 15 ಮೀಟರು ಮೇಲೆತ್ತಲು ಲೆಕ್ಕದ ಪ್ರಕಾರ ಸುಮಾರು 0.4 ಯೂನಿಟ್ಟು ಸಾಕು. ಪಂಪು ಮತ್ತು ಮೋಟಾರಿನ ನಷ್ಟಗಳನ್ನು ಸೇರಿಸಿದರೆ ಒಂದು ಯೂನಿಟ್ಟಾಗಬಹುದು. ಟಾಕಿ ತುಂಬಿ ಹೊರಚೆಲ್ಲಿದಾಗ ಪೋಲಾಗುವುದು ನೀರೊಂದೇ ಅಲ್ಲವೆಂಬುದು ಇದರಿಂದ ಸ್ಪಷ್ಟ.

ಎಷ್ಟು ಎಂಬುದರ ಜೊತೆಗೆ ಯಾವಾಗ

ಸಂಜೆ ಸೂರ್ಯನೊಡನೆ ಸೌರ ವಿದ್ಯುತ್ತೂ ಮುಳುಗುತ್ತದೆ. ಮನೆಮನೆಯ ದೀಪಗಳು ಹತ್ತುತ್ತವೆ. ಆಗ ಉಳಿಸಿದ ಯೂನಿಟ್ಟಿಗೆ ಬೆಲೆ ಹೆಚ್ಚು. ಟಾಕಿಯನ್ನು ಮಧ್ಯಾಹ್ನವೇ ತುಂಬಿಸಿಟ್ಟರೆ ಸಂಜೆ ಪಂಪು ಹಚ್ಚುವ ಅಗತ್ಯವಿಲ್ಲ. ವಿದ್ಯುತ್ತನ್ನು ತಂತಿಯಲ್ಲಿ ಕೂಡಿಡಲಾಗದಿದ್ದರೂ, ಅದು ಮಾಡಿದ ಕೆಲಸವನ್ನು ಎತ್ತರದ ನೀರಿನಲ್ಲಿ ಕೂಡಿಟ್ಟಂತಾಯಿತು. ಇನ್ನೊಂದು ಲಾಭವೂ ಉಂಟು. ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಗುಣವಾದುದು. ಪ್ರವಾಹ ಅರ್ಧವಾದರೆ ಆ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ.

ಇನ್ವರ್ಟರು ಇದ್ದರೆ ಚಿಂತೆಯಿಲ್ಲವೆಂದು ಭಾವಿಸುವವರುಂಟು. ಅದು ವಿದ್ಯುತ್ತನ್ನು ಹುಟ್ಟಿಸುವ ಯಂತ್ರವಲ್ಲ. ಸಾಮಾನ್ಯ ಸೀಸದ ಬ್ಯಾಟರಿಯ ಏರ್ಪಾಡು ನಾಲ್ಕು ಪಾಲು ತೆಗೆದುಕೊಂಡರೆ ಹೆಚ್ಚುಕಡಮೆ ಮೂರು ಪಾಲು ಹಿಂದಿರುಗಿಸುತ್ತದೆ. ವಿದ್ಯುತ್ತು ಮರಳಿದೊಡನೆ ಊರಿನ ಬ್ಯಾಟರಿಗಳೆಲ್ಲ ಒಟ್ಟಿಗೆ ಹೀರತೊಡಗಿದರೆ ಕೊರತೆ ಇನ್ನಷ್ಟು ಬಿಗಡಾಯಿಸುವುದು. ಓದುವ ದೀಪ, ಪ್ರಯೋಗಾಲಯದ ಅವಶ್ಯ ಉಪಕರಣಗಳು ಇಂಥವುಗಳಿಗೆ ಮಾತ್ರ ಅದನ್ನು ಮೀಸಲಿಡುವುದು ಮೇಲು.

ವಿದ್ಯಾರ್ಥಿಗಳು ಈ ಕೆಲಸವನ್ನು ಒಂದು ಪ್ರಯೋಗವಾಗಿಯೇ ಕೈಗೊಳ್ಳಬಹುದು. ಒಂದು ವಾರ ಪ್ರತಿದಿನ ಬೆಳಿಗ್ಗೆ 6, ಸಂಜೆ 6 ಮತ್ತು ರಾತ್ರಿ 10 ಗಂಟೆಗೆ ಮೀಟರಿನ ಅಂಕಿಗಳನ್ನು ಬರೆದಿಡಿರಿ. ಪ್ರತಿ ಕೋಣೆಯ ಉಪಕರಣಗಳ ವಾಟುಗಳನ್ನೂ ಅವು ನಡೆಯುವ ಗಂಟೆಗಳನ್ನೂ ಪಟ್ಟಿ ಮಾಡಿರಿ. ಎರಡು ಲೆಕ್ಕಗಳೂ ತಾಳೆಯಾಗದಿದ್ದಲ್ಲಿ ಎಲ್ಲೋ ಸೋರಿಕೆ ಇದೆಯೆಂದೇ ತಿಳಿಯಬೇಕು. ಅದನ್ನು ಹುಡುಕಿ ಸರಿಪಡಿಸಿ, ಮುಂದಿನ ವಾರ ಮತ್ತೆ ಅಳೆಯಿರಿ.

ಒಂದು ಕಾಲೇಜು ಉಳಿಸಿದ್ದರಿಂದ ನಾಡಿನ ಕೊರತೆಯೆಲ್ಲ ನೀಗದು, ನಿಜ. ಆದರೆ ವಿದ್ಯುತ್ ಜಾಲವೆಂಬುದು ಎಲ್ಲರೂ ಸೇದುವ ಒಂದೇ ಬಾವಿಯಂತೆ. ಬರಿದಾದ ಕೋಣೆಯಲ್ಲಿ ತಿರುಗುತ್ತಿರುವ ಫ್ಯಾನನ್ನು ನಿಲ್ಲಿಸಿದ ಕೈ, ಬನಹಟ್ಟಿಯ ಮಗ್ಗದ ಮುಂದೆ ಕುಳಿತವನಿಗೂ, ನೀರು ಹಾಯಿಸಲು ಅಪರಾತ್ರಿಯಲ್ಲಿ ಹೊಲಕ್ಕೆ ನಡೆಯುವ ರೈತನಿಗೂ ಅವರ ಪಾಲನ್ನು ಬಿಟ್ಟುಕೊಟ್ಟ ಕೈಯಾಗಿರುತ್ತದೆ.