ಹಸುಗೂಸಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ



ತೋಟಕ್ಕೆ ಹನಿ ನೀರಾವರಿ ಮಾಡಿದವರಿಗೆ ಗೊತ್ತು, ಪೈಪು ಸಪೂರವಾದಷ್ಟೂ ಬೇಗ ಕಟ್ಟಿಕೊಳ್ಳುತ್ತದೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ರಕ್ತನಾಳವೂ ಹಾಗೆಯೇ. ಹಾಲು ಕುಡಿಯಲಾರದ ಇಂಥ ಮಗುವಿಗೆ ಮದ್ದು, ಆಹಾರ ಕೊಡಲು ವೈದ್ಯರು ಹೊಕ್ಕುಳಿನ ಅಥವಾ ಕೈಕಾಲಿನ ನಾಳದೊಳಗೆ ‘ಕ್ಯಾಥೆಟರ್’ ಎಂಬ ತೆಳು ಕೊಳವೆ ಇಡುತ್ತಾರೆ. ಜೀವ ಉಳಿಸುವುದು ಈ ಕೊಳವೆಯೇ. ಆದರೆ ಕೆಲವೊಮ್ಮೆ ಅದರ ಸುತ್ತ ರಕ್ತ ಹೆಪ್ಪುಗಟ್ಟುತ್ತದೆ. ಇದು ತಾಯಿಯ ತಪ್ಪಲ್ಲ, ಬಾಣಂತಿ ಪಥ್ಯದ ದೋಷವೂ ಅಲ್ಲ.

ಲಕ್ಷಣಗಳೇನು?

ಕೈ ಅಥವಾ ಕಾಲು ಊದಿಕೊಳ್ಳುವುದು, ನೀಲಿಯಾಗುವುದು, ಬಿಳಿಚಿ ತಣ್ಣಗಾಗುವುದು. ಮೂತ್ರದಲ್ಲಿ ರಕ್ತ ಕಾಣುವುದು. ಇವು ಕಂಡರೆ ಕೂಡಲೇ ದಾದಿಗೆ ತಿಳಿಸಿ. ಅಜ್ಜಿಯಂದಿರು ಪ್ರೀತಿಯಿಂದಲೇ ಎಣ್ಣೆ ತಿಕ್ಕಲು, ಶಾಖ ಕೊಡಲು ಹೊರಡುತ್ತಾರೆ. ಅದು ಬೇಡವೇ ಬೇಡ. ಡಾಪ್ಲರ್ ಸ್ಕ್ಯಾನಿನಲ್ಲಿ ಹೆಪ್ಪು ಎಲ್ಲಿದೆಯೆಂದು ತಿಳಿಯುತ್ತದೆ.

ಚಿಕಿತ್ಸೆ ಹೇಗೆ?

ಹೆಪ್ಪು ಸಣ್ಣದಿದ್ದರೆ ಕೆಲವೊಮ್ಮೆ ಮದ್ದು ಕೊಡದೆ, ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ಕಾಯುತ್ತಾರೆ. ಕೊಳವೆಯ ಅಗತ್ಯ ಮುಗಿದಿದ್ದರೆ ತೆಗೆಯುತ್ತಾರೆ. ಅದಕ್ಕೆ ಮುಂಚೆ ಕೆಲವು ದಿನ ಹೆಪ್ಪು ಬೆಳೆಯದಂತೆ ಮದ್ದು ಕೊಡುವುದೂ ಉಂಟು. ಆ ಮದ್ದು ಹೆಪಾರಿನ್. 1916ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯಕೀಯ ವಿದ್ಯಾರ್ಥಿಯ ಪ್ರಯೋಗಗಳಿಂದ ಇದರ ಕಥೆ ಆರಂಭವಾಯಿತು. ಇಂದು ಇದನ್ನು ಹೆಚ್ಚಾಗಿ ಹಂದಿಯ ಕರುಳಿನ ಒಳಪೊರೆಯಿಂದ ತಯಾರಿಸುತ್ತಾರೆ. ಹಂದಿ ಸಾಕುವ ನಮ್ಮವರು ಇದನ್ನು ತಿಳಿದಿರಬೇಕು!

ಇದೇ ಜಾತಿಯ ಎನಾಕ್ಸಪಾರಿನನ್ನು ದಿನಕ್ಕೆರಡು ಸಲ ಚರ್ಮದಡಿಗೆ ಚುಚ್ಚುತ್ತಾರೆ. ಎರಡು ತಿಂಗಳೊಳಗಿನ ಶಿಶುವಿಗೆ ಸಾಮಾನ್ಯವಾಗಿ ಕಿಲೋ ತೂಕಕ್ಕೆ 1.5 ಮಿಲಿಗ್ರಾಂ, ಅದಕ್ಕಿಂತ ದೊಡ್ಡ ಮಗುವಿಗೆ 1 ಮಿಲಿಗ್ರಾಂ. ರಕ್ತಪರೀಕ್ಷೆ ನೋಡಿ ವೈದ್ಯರು ಅಳತೆ ಬದಲಿಸುತ್ತಾರೆ. ಚಿಕಿತ್ಸೆ ಆರು ವಾರದಿಂದ ಮೂರು ತಿಂಗಳವರೆಗೆ ನಡೆಯಬಹುದು. ಹೆಪ್ಪನ್ನೇ ಕರಗಿಸುವ ಆಲ್ಟೆಪ್ಲೇಸ್ ಎಂಬ ಮದ್ದು ಕೈಕಾಲಿಗೆ, ಅಂಗಕ್ಕೆ ಅಥವಾ ಪ್ರಾಣಕ್ಕೆ ಅಪಾಯವಿದ್ದಾಗ ಮಾತ್ರ. ಎಳೆಯ ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯವಿರುವುದರಿಂದ ಮೊದಲು ತಲೆಯ ಸ್ಕ್ಯಾನ್ ಮಾಡುತ್ತಾರೆ.

ಮನೆಗೆ ಬಂದ ಮೇಲೆ

ಚುಚ್ಚುಮದ್ದು ಮುಂದುವರಿಯಬೇಕಾದರೆ ಆಸ್ಪತ್ರೆಯಿಂದ ಹೊರಡುವ ಮೊದಲೇ ದಾದಿಯಿಂದ ಕಲಿತುಕೊಳ್ಳಿ. ಲಸಿಕೆ ಹಾಕಿಸುವಾಗ ಈ ಮದ್ದಿನ ವಿಷಯ ಹೇಳಿ. ವೈದ್ಯರನ್ನು ಕೇಳದೆ ಬೇರೆ ಮದ್ದು, ಕಷಾಯ ಕೊಡಬೇಡಿ. ಎಲ್ಲಿಂದಾದರೂ ರಕ್ತ ಒಸರಿದರೆ, ಮಗು ಮಂಕಾಗಿ ಹಾಲು ಬಿಟ್ಟರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಊತ ಇಳಿಯಿತೆಂದು ಅರ್ಧದಲ್ಲಿ ನಿಲ್ಲಿಸಬೇಡಿ. ಒಳಗಿನ ಹೆಪ್ಪು ಕಣ್ಣಿಗೆ ಕಾಣುವುದಿಲ್ಲ. ಖರ್ಚಿಗೆ ಕಷ್ಟವಾದರೆ ಮದ್ದು ಬಿಡುವ ಮೊದಲು ನನ್ನಲ್ಲಿಗೆ ಬನ್ನಿ. ಸಂಕೋಚ ಬೇಡ.