ಹಿತ್ತಿಲಿಗೊಂದು ತಂಗಡಿ

ದೀಪಾವಳಿಯಲ್ಲಿ ಸಗಣಿಯ ಹಟ್ಟೆವ್ವನನ್ನು ಕೂಡಿಸಿ ತಂಗಡಿ ಹೂವು ಮುಡಿಸುವ ರೂಢಿ ಬಯಲುಸೀಮೆಯ ನಮ್ಮ ಮನೆಗಳಲ್ಲಿ ಉಂಟು. ಹಿಂದೆ ಈ ಹೂವಿಗಾಗಿ ಯಾರೂ ದೂರ ಹೋಗುತ್ತಿರಲಿಲ್ಲ. ಊರ ಹೊರಗಿನ ಬದುವಿನಲ್ಲಿ ಬುಟ್ಟಿ ತುಂಬುತ್ತಿತ್ತು. ಐದು ವರ್ಷಗಳ ಹಿಂದೆ ನಮ್ಮ ಸೊಸೆ ಅದನ್ನು ಪೇಟೆಯಲ್ಲಿ ಹಣ ಕೊಟ್ಟು ತಂದಾಗ ಮನಸ್ಸಿಗೆ ಕಸಿವಿಸಿಯಾಯಿತು. ಬದುಗಳನ್ನು ಸವರಿ ಹೊಲಕ್ಕೆ ಸೇರಿಸಿಕೊಂಡೆವು, ಬೀಳುಭೂಮಿ ನಿವೇಶನಗಳಾಯಿತು. ಇನ್ನು ತಂಗಡಿ ನಿಲ್ಲುವುದಾದರೂ ಎಲ್ಲಿ?

ಆವರಿಕೆಯೆಂದೂ ಹೆಸರಾದ ಇದು ನಮ್ಮ ಒಣನಾಡಿನದೇ ಬಹುವಾರ್ಷಿಕ ಪೊದೆ. ಸಂಸ್ಕೃತದಲ್ಲಿ ಆವರ್ತಕೀ, ಸಸ್ಯಶಾಸ್ತ್ರದಲ್ಲಿ ಸೆನ್ನಾ ಆರಿಕ್ಯುಲೇಟ. ಎಲೆಯ ಬುಡದಲ್ಲಿ ಕಿವಿಯಾಕಾರದ ಅಗಲವಾದ ಪುಟ್ಟ ಪತ್ರಗಳಿರುತ್ತವೆ. ಆ ಲ್ಯಾಟಿನ್ ಹೆಸರು ಸೂಚಿಸುವುದೂ ಕಿವಿಯನ್ನೇ. ಹಳದಿ ಕಣಗಿಲೆಯೊಡನೆ ಇದನ್ನು ಬೆರೆಸಬಾರದು. ಅದು ಅಮೆರಿಕದಿಂದ ಬಂದ ಗಿಡ, ವಿಷಮಯ. ಬತುಕಮ್ಮ ಹಬ್ಬಕ್ಕೆ ತಂಗಡಿಯನ್ನು ಜೋಡಿಸುವ ತೆಲಂಗಾಣದವರು ೨೦೧೪ರಲ್ಲಿ ಇದನ್ನು ತಮ್ಮ ರಾಜ್ಯಪುಷ್ಪವಾಗಿ ಆರಿಸಿಕೊಂಡರು. ನಾವು ಮಾತ್ರ ಇದನ್ನು ತಿಪ್ಪೆಯ ಬದಿಯ ಗಿಡವೆಂದೇ ಬಗೆದೆವು. ತೊಗಟೆಯಲ್ಲಿ ಒಗರು ಹೇರಳವಾಗಿರುವುದರಿಂದ ಚರ್ಮ ಹದಮಾಡುವವರು ತಲೆಮಾರುಗಳಿಂದ ಇದನ್ನು ಬಳಸುತ್ತ ಬಂದರು. ಡೋಹರ ಕಕ್ಕಯ್ಯನವರ ಕಾಯಕವೂ ಚರ್ಮ ಹದಮಾಡುವುದೇ ಆಗಿತ್ತೆಂಬುದನ್ನು ಬಲ್ಲ ನಾವು ಈ ಗಿಡವನ್ನು ಹೀಗಳೆಯುವುದು ಸಲ್ಲದು.

ಹಿತ್ತಿಲಿನಲ್ಲಿ ಬೆಳೆಸಲು ಹೊರಟ ನಾನು ಎರಡು ಸಲ ಸೋತೆ. ಹಾದಿಬದಿಯ ಗಿಡಗಳನ್ನು ಮಣ್ಣುಸಮೇತ ಅಗೆದು ತಂದು ನೆಟ್ಟೆ. ದಿನವೂ ಎರಡು ಕೊಡ ನೀರೆರೆದೆ. ಎರಡು ಸಲವೂ ಎಲೆ ಉದುರಿ ಒಣಗಿದವು. ಆಮೇಲೆ ತಿಳಿಯಿತು: ಇದರ ತಾಯಿಬೇರು ಆಳಕ್ಕೆ ಇಳಿಯುತ್ತದೆ, ಅದನ್ನು ಕಡಿದರೆ ಗಿಡ ಉಳಿಯುವುದು ಕಷ್ಟ. ನೀರು ನಿಂತರಂತೂ ಬೇರು ಕೊಳೆಯುತ್ತದೆ. ಹೀಗೆ ಬದುವಿನಲ್ಲಿ ಉಳಿದಿದ್ದ ನಾಲ್ಕು ಗಿಡಗಳನ್ನು ನಾನೇ ಕೊಂದಂತಾಯಿತು.

ಸರಿಯಾದ ದಾರಿ ಬೀಜ. ಒಣಗಿ ಕಂದುಬಣ್ಣಕ್ಕೆ ತಿರುಗಿದ ಕಾಯಿಗಳನ್ನು ಬಿಡಿಸಿ ಬೀಜ ತೆಗೆಯಬೇಕು. ಸಿಪ್ಪೆ ಬಲು ಗಟ್ಟಿ. ಕುದಿಸಿ ಒಲೆಯಿಂದಿಳಿಸಿದ ನೀರನ್ನು ಸುರಿದು, ಅದರಲ್ಲೇ ರಾತ್ರಿಯೆಲ್ಲ ನೆನೆಯಬಿಡಬೇಕು. ಬೆಳಿಗ್ಗೆ ಉಬ್ಬಿದ ಬೀಜಗಳನ್ನು ಆರಿಸಿ, ಮುಂಗಾರಿನ ಮೊದಲ ಮಳೆಗೆ ಗಿಡ ಎಲ್ಲಿ ಬೇಕೋ ಅಲ್ಲಿಯೇ ಬೆರಳಗೆಣ್ಣಿನ ಆಳಕ್ಕೆ ಊರುವುದು ಲೇಸು. ಬಿಸಿಲು ಚೆನ್ನಾಗಿರಲಿ, ಕಲ್ಲುಮಿಶ್ರಿತ ಮಣ್ಣಾದರೂ ಅಡ್ಡಿಯಿಲ್ಲ. ಗಿಡದಿಂದ ಗಿಡಕ್ಕೆ ನಾಲ್ಕೈದು ಅಡಿ ಅಂತರ ಬೇಕು. ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಕೊಟ್ಟರೆ ಸಾಕು, ಮುಂದೆ ಮಳೆಯೇ ನೋಡಿಕೊಳ್ಳುತ್ತದೆ. ಹೂವು ಮುಗಿದ ಮೇಲೆ ಸವರಿದರೆ ಪೊದೆ ದಟ್ಟವಾಗುತ್ತದೆ. ಆ ಸೊಪ್ಪು ಗದ್ದೆಗೆ ಒಳ್ಳೆಯ ಹಸಿರುಗೊಬ್ಬರ.

ಹೂವಿನ ಬಳಿ ಒಂದು ಬೆಳಿಗ್ಗೆ ಸುಮ್ಮನೆ ಕುಳಿತು ನೋಡಿರಿ. ದುಂಬಿ ಮಕರಂದಕ್ಕೆ ಬರುತ್ತದೆಂದು ಕಾವ್ಯದಲ್ಲಿ ಓದಿದವನು ನಾನು. ತಂಗಡಿಯಲ್ಲಿ ಮಕರಂದವೇ ಇಲ್ಲ! ಪರಾಗ ಕೇಸರಗಳೊಳಗೆ ಬಂಧಿಯಾಗಿದ್ದು, ತುದಿಯ ಸಣ್ಣ ರಂಧ್ರದಿಂದ ಮಾತ್ರ ಹೊರಬೀಳಬಲ್ಲದು. ಕರಿಯ ದುಂಬಿ ಹೂವನ್ನು ಅಪ್ಪಿ ಹಿಡಿದು ಮೈಯನ್ನು ಝೇಂಕರಿಸುತ್ತದೆ. ಆ ಕಂಪನಕ್ಕೆ ಪರಾಗ ಉದುರುತ್ತದೆ. ಎಲೆಗಳನ್ನು ಹಸಿರು ಹುಳುಗಳು ತಿಂದರೆ ಔಷಧ ಹೊಡೆಯಬೇಡಿರಿ, ಅವು ಚಿಟ್ಟೆಗಳಾಗುವ ಮರಿಗಳು.

ಸಕ್ಕರೆ ಕಾಯಿಲೆಗೆ ಈ ಹೂವಿನ ಕಷಾಯವನ್ನು ಹಳಬರು ಹೇಳುತ್ತಾರೆ, ಆಯುರ್ವೇದದಲ್ಲಿಯೂ ಇದಕ್ಕೆ ಸ್ಥಾನವಿದೆ. ಆದರೆ ಅದನ್ನೇ ನಂಬಿ ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡುವುದು ಅಪಾಯ. ಮಾತ್ರೆಯೊಡನೆ ಕುಡಿಯುವವರೂ ಮೊದಲು ವೈದ್ಯರನ್ನು ಕೇಳಬೇಕು.

ನಾನು ಊರಿದ ಬೀಜಗಳಲ್ಲಿ ಐದು ಉಳಿದವು. ಕಳೆದ ದೀಪಾವಳಿಗೆ ನೆರೆಯ ಮೂರು ಮನೆಯವರು ಹೂವಿಗಾಗಿ ನಮ್ಮ ಹಿತ್ತಿಲಿಗೆ ಬಂದಿದ್ದರು. ಸೊಸೆ ಹೂವು ಕೊಟ್ಟಳು. ನಾನು ಜೊತೆಗೆ ಒಂದೊಂದು ಹಿಡಿ ಕಾಯಿಯನ್ನೂ ಅವರ ಸೆರಗಿಗೆ ಹಾಕಿ ಕಳುಹಿಸಿದೆ.